ನಾಲ್ಕನೇ ಜ್ವರ

ನಮ್ಮ ಕಡೆ ಯಾರ ಮನೆಗಾದರೂ ಹೋಗಿ "ಎಲ್ಲಾ ಚೆನ್ನಾಗಿದ್ದೀರಾ?" ಎಂದು ಕೇಳಿದರೆ ಮೊದಲು ಬರುವುದು ರೇಷ್ಮೆಹುಳುವಿನ ಸಮಾಚಾರ. ಆಮೇಲೆ ಹಸುವಿನದು. ಹೊತ್ತು ಉಳಿದರೆ ಮನುಷ್ಯರದು. ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ನಾನು ಹುಟ್ಟಿದ ದಿನ ನಮ್ಮಪ್ಪ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದರಂತೆ. ವಾಪಸ್ಸು ಬಂದವರು ಮೊದಲು ಗೂಡಿನ ರೇಟು ಹೇಳಿ, ನೀರು ಕುಡಿದು, ಆಮೇಲೆ "ಏನು ಮಗ?" ಎಂದರಂತೆ. ಅವ್ವ ಈ ಕಥೆಯನ್ನು ನನ್ನ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿ ಅಪ್ಪನ ಮಾನ ಕಳೆದಳು.

ನಾನು ನರ್ಸು. ವರ್ಷಗಟ್ಟಲೆ ಹೆರಿಗೆ ಕೋಣೆಯಲ್ಲಿ ನಿಂತು ಕಾಲು ಸವೆಸಿದ ಮೇಲೆ ಈಗ ಕನಕಪುರದ ಒಂದು ಆಸ್ಪತ್ರೆಯಲ್ಲಿ ಬೇರೆ ನರ್ಸುಗಳಿಗೆ ಆ ಕೆಲಸ ಕಲಿಸುತ್ತೇನೆ. ಕಾಗದದ ಮೇಲೆ ಇದಕ್ಕೆ ಮಿಡ್‌ವೈಫರಿ ತರಬೇತಿ ಎಂದು ಹೆಸರು. ನಾನು ಸೂಲಗಿತ್ತಿ ಕೆಲಸ ಎನ್ನುತ್ತೇನೆ. ಹುಡುಗಿಯರಿಗೆ ಅದು ಹಿಡಿಸುವುದಿಲ್ಲ. "ನರ್ಸಿಂಗ್ ಓದಿ ಬಂದಿರೋ ನಮ್ಮನ್ನ ಸೂಲಗಿತ್ತಿ ಅಂತೀರಲ್ಲ ಮೇಡಂ" ಎಂದು ಮೂತಿ ಉದ್ದ ಮಾಡುತ್ತಾರೆ. "ನಿಮ್ಮಜ್ಜೀನ ಈ ಲೋಕಕ್ಕೆ ಎಳ್ಕೊಂಡೋಳು ಅವಳೇ ಕಣ್ರೇ, ಒಸಿ ಮರ್ಯಾದೆ ಇರ್ಲಿ" ಎಂದು ಗದರುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅದು ಹುಡುಗಿಯರಿಗೂ ಗೊತ್ತು, ಅಷ್ಟೇ ಬೇಗ ಇಳಿಯುತ್ತದೆ ಎನ್ನುವುದೂ ಗೊತ್ತು.

ಮೊದಲ ದಿನ ನಾನು ಹೇಳುವುದು ಎರಡೇ ಮಾತು. ಒಂದು, ಹೆರಿಗೆ ಕೋಣೆಯಲ್ಲಿ ಕಿರುಚುವ ಹಕ್ಕು ಇರುವುದು ಒಬ್ಬಳಿಗೆ ಮಾತ್ರ. ಹೆರುವವಳ ಸುತ್ತ ನಾಲ್ಕು ಜನ ನಿಂತು "ಮುಕ್ಕು, ಮುಕ್ಕು, ಇನ್ನೂ ಮುಕ್ಕು" ಎಂದು ಕುಸ್ತಿ ನೋಡಲು ಬಂದವರ ಹಾಗೆ ಕೂಗುವುದು ನಮ್ಮಲ್ಲಿ ಹಳೆಯ ರೂಢಿ. ಅವಳ ಮೈಯಿಗೆ ಯಾವಾಗ ಮುಕ್ಕಬೇಕೆಂದು ಗೊತ್ತಿದೆ, ನೀವು ಬಾಯಿ ಮುಚ್ಚಿಕೊಂಡು ಅವಳ ಸೊಂಟ ನೀವಿ ಎನ್ನುತ್ತೇನೆ. ಎರಡನೆಯದು ಕುಲಾವಿಯ ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ಆತುರಗಾರರನ್ನು ಹಾಸ್ಯ ಮಾಡುತ್ತಾರಲ್ಲ, ನಮ್ಮ ಕಸುಬಿನಲ್ಲಿ ಅದೇ ಜಾಣತನ. ಕುಲಾವಿ, ಒಣ ಬಟ್ಟೆ, ಉಸಿರು ಕೊಡುವ ಬಲೂನು, ಎಲ್ಲ ಮೊದಲೇ ಕೈಗೆ ಸಿಗುವಂತೆ ಇರಬೇಕು. ಒದ್ದೆ ಕೂಸು ತಣ್ಣಗಾಗಲು ಹೆಚ್ಚು ಹೊತ್ತು ಬೇಡ.

ಪಾಠದ ಸಾಮಾನೂ ನಮ್ಮಲ್ಲಿ ಊರಿನದೇ. ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದು ಬೆರಳಿನಲ್ಲಿ ಅಂದಾಜು ಮಾಡುವುದನ್ನು ಕಲಿಸಬೇಕು. ಬಂದಿದ್ದ ಪ್ಲಾಸ್ಟಿಕ್ ಮಾದರಿ ಒಡೆದುಹೋಗಿತ್ತು. ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಮಾಡುವ ಒಬ್ಬ ಹಿರಿಯರ ಹತ್ತಿರ, ಸಣ್ಣದರಿಂದ ದೊಡ್ಡದರವರೆಗೆ ಮರದ ಬಳೆಗಳನ್ನು ಕಡೆದುಕೊಡಿ ಎಂದೆ. "ಮಕ್ಕಳ ಆಟಕ್ಕಾ ಅಮ್ಮಾ?" ಎಂದರು. "ಮಕ್ಕಳ ವಿಷಯಾನೇ" ಎಂದೆ. ಗಡ್ಡ ನೆರೆತ ಗಂಡಸಿಗೆ ಇನ್ನೇನು ಹೇಳಲಿ? ಒಳಗಿನಿಂದ ಚಹಾ ತಂದ ಅವರ ಹೆಂಡತಿ ನಾನು ಬೆರಳು ಅಗಲಿಸಿ ಅಳತೆ ತೋರಿಸುವುದನ್ನು ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಒಳಗೆ ಓಡಿದರು. ಅವರಿಗೆ ಅರ್ಥವಾಗಿತ್ತು. ಬಳೆಗಳು ಅರಗಿನ ಬಣ್ಣ ಹೊಳೆಯುತ್ತಾ ಬಂದವು, ಸಣ್ಣದು ಹಸಿರು, ನಡುವಿನದು ಹಳದಿ, ಎಲ್ಲಕ್ಕಿಂತ ದೊಡ್ಡದು ಕೆಂಪು. ಅಂದಿನಿಂದ ನಮ್ಮ ಹುಡುಗಿಯರು ಹೆರಿಗೆ ಹತ್ತಿರ ಬಂದಾಗ "ಮೇಡಂ, ಕೆಂಪು ಬಳೆ" ಎಂದು ಪಿಸುಗುಟ್ಟುತ್ತಾರೆ. ಹೆರುವವಳ ತಾಯಿ ಬಳೆ ಶಾಸ್ತ್ರದ ಮಾತೇನೋ ಎಂದುಕೊಂಡು ಕೈಮುಗಿಯುತ್ತಾಳೆ.

ನಾನು ಹೇಳಹೊರಟ ವರ್ಷದ ತಂಡದಲ್ಲಿ ವಿಜಯಪುರದ ಕಡೆಯ ಹುಡುಗಿಯೊಬ್ಬಳು ಇದ್ದಳು. ಮೆಸ್ಸಿನಲ್ಲಿ ರಾಗಿಮುದ್ದೆಯನ್ನು ರೊಟ್ಟಿಯ ಹಾಗೆ ಅಗಿದು ತಿನ್ನುತ್ತಿದ್ದಳು. "ಅದನ್ನ ಅಗೀಬಾರ್ದು ಕಣಮ್ಮ, ನುಂಗ್ಬೇಕು" ಎಂದು ನಾವು ಎಷ್ಟು ಹೇಳಿದರೂ, "ಅಗೀಲಾರ್ದ ನುಂಗಾಕ ಅದೇನ ಗುಳಿಗೇನ್ರೀ?" ಎನ್ನುತ್ತಿದ್ದಳು. ಕೆಲಸದಲ್ಲಿ ಮಾತ್ರ ಬಲು ಚುರುಕು. ಪ್ರಶ್ನೆ ಕೇಳುವುದರಲ್ಲಿ ಇನ್ನೂ ಚುರುಕು. ಬಾಣಂತಿಯೊಬ್ಬಳು "ಒಸಿ ರಕ್ತ ಹೋಯ್ತಾ ಐತೆ" ಎಂದರೆ ಇವಳು ಬಿಡದೆ, "ಒಸಿ ಅಂದ್ರ ಎಷ್ಟ್ರೀ ಅಕ್ಕಾ? ಚಮಚಾನೋ, ಚರಿಗೀನೋ?" ಎಂದು ಕೇಳಿ, ಕೊನೆಗೆ ತಾನೇ ಬಟ್ಟೆ ತೆಗೆದು ನೋಡುತ್ತಿದ್ದಳು. ನಮ್ಮ ಭಾಷೆ ಅವಳಿಗೆ ಹೊಸದು. ಅದರಿಂದಲೇ ನಮ್ಮ ಹುಡುಗಿಯರಿಗೆ ತೋಚದ ಪ್ರಶ್ನೆ ಅವಳಿಗೆ ತೋಚುತ್ತಿತ್ತು.

ಅವಳು ಸ್ವತಃ ಮಾಡಿಸಿದ ಮೊದಲ ಹೆರಿಗೆ ಕಬ್ಬಾಳಿನಾಚೆಯ ಒಂದು ಹಳ್ಳಿಯ ಹೆಂಗಸಿನದು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಆ ಹೆಂಗಸಿಗೆ ಇದು ಎರಡನೆಯದು. ಮೊದಲ ಮಗು ತವರಿನಲ್ಲೇ, ಹುಟ್ಟಿದ ವಾರದೊಳಗೆ ಹೋಗಿಬಿಟ್ಟಿತ್ತು. ಈ ಸಲ ನೋವು ದಿನ ತುಂಬುವ ಮೊದಲೇ ಬಂದಿತ್ತು. ಜೊತೆಗೆ ಅವಳ ತಾಯಿ, ಗಟ್ಟಿ ಮುದುಕಿ, ಸೊಂಟಕ್ಕೆ ಸೆರಗು ಬಿಗಿದುಕೊಂಡು ನಿಂತಿದ್ದಳು. ಹೆರುವವಳು ಮಾತ್ರ ಕಿರುಚಲಿಲ್ಲ, ಅಳಲಿಲ್ಲ. ನೋವಿನ ನಡುವೆ ನನ್ನ ಮುಖ ನೋಡಿ, "ಇದೂ ಉಳಿಯಾಕಿಲ್ಲ ಬುಡಿ ಅಕ್ಕ" ಎಂದಳು. ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದಳು.

ಕೂಸು ಹುಟ್ಟಿತು. ಗಂಡು. ಎರಡು ಕೆಜಿಯೂ ತೂಗದ, ತೊಡೆಯ ಚರ್ಮ ಸುಕ್ಕುಸುಕ್ಕಾದ ಕೂಸು. ಆದರೂ ಹುಟ್ಟುತ್ತಲೇ ಅತ್ತಿತು. ವಿಜಯಪುರದ ಹುಡುಗಿ ಒರೆಸಿ, ಕುಲಾವಿ ಹಾಕಿ, ತಾಯಿಯ ಎದೆಯ ಮೇಲೆ ಮಲಗಿಸಿದಳು. ತಾಯಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಕೈ ಹಾಸಿಗೆಯ ಮೇಲೇ ಇತ್ತು, ಕೂಸಿನ ಬೆನ್ನಿಗೆ ಬರಲಿಲ್ಲ. ಹುಡುಗಿ ಆ ಕೈಯನ್ನು ಮೆಲ್ಲಗೆ ಎತ್ತಿ ಕೂಸಿನ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಅದು ಜಾರಿ ಮತ್ತೆ ಹಾಸಿಗೆಗೆ ಬಂತು.

ಸಣ್ಣ ಕೂಸುಗಳನ್ನು ಬಟ್ಟೆಯಿಲ್ಲದೆ ಎದೆಗೆ ಎದೆ ತಾಗಿಸಿ ಕಟ್ಟಿಕೊಂಡಿದ್ದರೆ ಅವು ಬೆಚ್ಚಗಿರುತ್ತವೆ, ಬೇಗ ತೂಕ ಹಾಕುತ್ತವೆ. ಇದಕ್ಕೆ ಕರೆಂಟು ಬೇಡ, ಯಂತ್ರ ಬೇಡ, ಮೈ ಒಂದಿದ್ದರೆ ಸಾಕು. ತಾಯಿ ಒಲ್ಲೆ ಎಂದಾಗ ಆ ಮೈ ಕೊಟ್ಟವಳು ಅಜ್ಜಿ. ರವಿಕೆಯ ಒಳಗೆ ಮೊಮ್ಮಗನನ್ನು ಇಳಿಬಿಟ್ಟುಕೊಂಡು, ಮೇಲೆ ಸೆರಗು ಸುತ್ತಿ, ವಾರ್ಡಿನಲ್ಲೆಲ್ಲ ಗತ್ತಿನಿಂದ ಓಡಾಡಿದಳು. "ಸಂತೇಗೆ ಹೋಗುವಾಗ ದುಡ್ಡು ಇಕ್ಕಳ್ಳೋ ಜಾಗ ಇದು, ಕಳ್ಳಾನೂ ಕೈ ಹಾಕಾಕಿಲ್ಲ" ಎಂದು ಎಲ್ಲರನ್ನೂ ನಗಿಸಿದಳು. ಹಾಲು ಕೊಡು ಎಂದರೆ ಮಗಳು ಕೊಡುತ್ತಿದ್ದಳು. ಮುಗಿದ ಕೂಡಲೇ "ಇದ್ರ ಹೊಟ್ಟೆ ತುಂಬ್ತು, ತಕ್ಕಳವ್ವ" ಎಂದು ವಾಪಸ್ಸು ಕೊಟ್ಟುಬಿಡುತ್ತಿದ್ದಳು. ಮಗ ಎನ್ನಲಿಲ್ಲ, ಕಂದ ಎನ್ನಲಿಲ್ಲ. ಇದು ಎನ್ನುತ್ತಿದ್ದಳು.

ಕೂಸು ತೂಕ ಹಾಕತೊಡಗಿತು. ಡಾಕ್ಟರು ಮನೆಗೆ ಕಳಿಸಬಹುದು ಎಂದರು. ಹೊರಡುವಾಗ ನಾವು ಹೇಳಬೇಕಾದ್ದನ್ನೆಲ್ಲ ಹೇಳಿದೆವು. ಎದೆಗೆ ಕಟ್ಟಿಕೊಂಡೇ ಇರಿ, ಮಲಗಿದ್ದರೂ ಆಗಾಗ ಎಬ್ಬಿಸಿ ಹಾಲು ಕೊಡಿ, ಜ್ವರ ಬಂದರೆ ತಕ್ಷಣ ಕರೆತನ್ನಿ. ಅಜ್ಜಿ ಎಲ್ಲದಕ್ಕೂ "ಆಯ್ತು ಕಣವ್ವ" ಎಂದು ಕತ್ತು ಆಡಿಸಿದಳು. ದಿನಾ ಫೋನ್ ಮಾಡಿ ವಿಚಾರಿಸುವ ಕೆಲಸ ವಿಜಯಪುರದ ಹುಡುಗಿಯದು. ಅವಳು ಅದನ್ನು ವ್ರತದ ಹಾಗೆ ಮಾಡುತ್ತಿದ್ದಳು. ತಾನು ಎತ್ತಿಕೊಂಡ ಮೊದಲ ಕೂಸು, ಜೀವ ಅಲ್ಲೇ ಇತ್ತು.

ಮೋಡ ಮುಚ್ಚಿ ತಣ್ಣನೆ ಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ, ನಾನು ಉಳಿದವರಿಗೆ ಗೊಂಬೆಯ ಮೇಲೆ ಉಸಿರು ಕೊಡುವುದನ್ನು ಅಭ್ಯಾಸ ಮಾಡಿಸುತ್ತಿದ್ದಾಗ ಆ ಹುಡುಗಿ ಓಡಿಬಂದಳು. ಮುಖ ಬಿಳಿಚಿತ್ತು, ಫೋನು ಕೈಯಲ್ಲೇ ಇತ್ತು.

"ಮೇಡಂ, ಜ್ವರ ಬಂದಾವಂತ್ರಿ! ತಾಯಿ ಕೂಸು ಇಬ್ಬರಿಗೂ! ನಾಕನೇ ಜ್ವರ ಅಂತ. ಕುತಿಗಿ ಮ್ಯಾಲ ಎತ್ತಿ ಮಲಗ್ಯಾವಂತ, ಅಲಗಾಡವಲ್ವಂತ, ಏನೂ ತಿನ್ನವಲ್ವಂತ. ಮುಟ್ಟಬಾರದು ಅಂತಾಳ್ರೀ ಆ ಮುದುಕಿ. ಆಂಬುಲೆನ್ಸ್ ಕರೀಲೇನ್ರೀ?"

ಕುತ್ತಿಗೆ ಹಿಂದಕ್ಕೆ ಸೆಟೆದ ಕೂಸು ಎಂದರೆ ನಮ್ಮ ಕಸುಬಿನವರಿಗೆ ಮೈ ನಡುಗುವ ಸುದ್ದಿ. ಮರುಕ್ಷಣದಲ್ಲೇ ಅರ್ಥವಾಯಿತು. ನಾಲ್ಕನೇ ಜ್ವರ, ಕತ್ತೆತ್ತಿ ಮಲಗುವುದು, ತಿನ್ನದಿರುವುದು! ನಾನು ಗೊಂಬೆಯನ್ನು ಮೇಜಿನ ಮೇಲೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ. ನಮ್ಮ ಕಡೆಯ ಹುಡುಗಿಯರೂ ನಗತೊಡಗಿದರು. ಒಬ್ಬಳಂತೂ ನೆಲದ ಮೇಲೆ ಕುಳಿತೇಬಿಟ್ಟಳು.

ವಿಷಯ ಇಷ್ಟೇ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿಸಲ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ, ಅಲುಗದೆ ಮಲಗುತ್ತದೆ. ಅದಕ್ಕೆ ನಮ್ಮ ಜನ ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಬೆಳವಣಿಗೆ. ಜ್ವರಕ್ಕೆ ಕುಳಿತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಮನೆಯಲ್ಲಿ ಸದ್ದು ಮಾಡಬಾರದು. ನಾಲ್ಕನೇ ಜ್ವರ ಸರಿಯಾಗಿ ಎದ್ದರೆ ಬೆಳೆ ಕೈಗೆ ಬಂದಂತೆಯೇ. ಇವಳು "ಜ್ವರ ಏನರ ಅದಾವೇನ್ರೀ ಅಜ್ಜಿ?" ಎಂದು ಕೇಳಿದ್ದಾಳೆ. ಅಜ್ಜಿ "ಕುಂತವೆ" ಎಂದು ಹುಳುವಿನ ಸಮಾಚಾರ ಹೇಳಿ ಫೋನಿಟ್ಟಿದ್ದಾಳೆ, ಇವಳು ಅದನ್ನು ತಾಯಿ ಕೂಸಿಗೆ ಹೊಂದಿಸಿಕೊಂಡಿದ್ದಾಳೆ.

ನಾನು ಕಣ್ಣೊರೆಸಿಕೊಳ್ಳುತ್ತಾ ಇದನ್ನೆಲ್ಲ ವಿವರಿಸಿದೆ. ಹುಡುಗಿ ನಗಲಿಲ್ಲ. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಬಂತು.

"ನೀವೆಲ್ಲಾ ನಗ್ರಿ" ಎಂದಳು. "ನಾ ಕೇಳಿದ್ದು ಕೂಸಿಂದು. ಆಕಿ ಹೇಳಿದ್ದು ಹುಳದ್ದು. ಹಂಗಾದ್ರ ಕೂಸಿಂದು ಯಾರ್ ಹೇಳ್ಯಾರ್ರೀ?"

ಕೋಣೆಯಲ್ಲಿ ನಗು ನಿಂತಿತು. ಹೌದಲ್ಲ, ಕೂಸಿನದು ಯಾರೂ ಹೇಳಿರಲಿಲ್ಲ. ನಾನೇ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಜ್ವರದ ಹೊತ್ತಿನಲ್ಲಿ ಫೋನಿನ ಸದ್ದೂ ಬೇಡವೆಂದು ಬಾಯಿ ಕಟ್ಟಿ ಇಟ್ಟಿದ್ದರೋ ಏನೋ. ಆಗ ನನಗೆ ಇನ್ನೊಂದು ಹೊಳೆಯಿತು. ನಾಲ್ಕನೇ ಜ್ವರಕ್ಕೆ ಮುಂಚಿನ ದಿನಗಳಲ್ಲಿ ಹುಳುಮನೆಯಲ್ಲಿ ಸೊಪ್ಪು ಕೊಯ್ಯುವ, ಹಾಕುವ, ಕಸ ತೆಗೆಯುವ ಕೆಲಸ ಮೈತುಂಬ ಇರುತ್ತದೆ. ಹಾಗಾದರೆ ಅಜ್ಜಿಯ ರವಿಕೆಯೊಳಗಿದ್ದ ಕೂಸು ಈಗ ಎಲ್ಲಿದೆ?

ಸ್ಕೂಟರ್ ತೆಗೆದೆ. ಹುಡುಗಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು. ಸಾತನೂರು ದಾಟುವವರೆಗೆ ನನ್ನ ಮೇಲಿನ ಕೋಪಕ್ಕೆ ಒಂದು ಮಾತೂ ಆಡಲಿಲ್ಲ. ಕಬ್ಬಾಳಿನ ಬೆಟ್ಟ ಕಾಣುವ ಹೊತ್ತಿಗೆ ಹಿಂದಿನಿಂದ, "ಮೇಡಂ, ಒಸಿ ಜೋರ್ ಓಡಿಸ್ರಿ" ಎಂದಳು. ಅವಳ ಬಾಯಲ್ಲಿ ನಮ್ಮ ಒಸಿ ಬಂದದ್ದು ಅದೇ ಮೊದಲು.

ಮನೆಯ ಮುಂದೆ ಅಜ್ಜಿ ಸಿಕ್ಕಳು. ನಮ್ಮನ್ನು ನೋಡಿ ಮುಖವೆಲ್ಲ ಅರಳಿಸಿಕೊಂಡು, ಬಾಯಿಯ ಮೇಲೆ ಬೆರಳಿಟ್ಟಳು. "ಬನ್ನಿ ಬನ್ನಿ ನರ್ಸಮ್ಮ. ಒಸಿ ಮೆತ್ತಗೆ ಮಾತಾಡಿ, ಒಳ್ಗೆ ಜ್ವರಕ್ಕೆ ಕುಂತವೆ. ಎಲ್ಲಾ ಒಂದೇ ಸಮ ಕುಂತವೆ, ಈ ಸಲ ಬೆಳೆ ಬಂಗಾರ ಆಯ್ತದೆ."

"ಮಗ ಹೆಂಗೈತೆ?" ಎಂದೆ.

"ಅದೂ ಬಂಗಾರವೇಯಾ. ಅಳು ಅನ್ನೋದೇ ಇಲ್ಲ. ಬೆಳಗಾಗ್ಲಿಂದ ಮಲಗೇ ಐತೆ. ನಾವೂ ಎಬ್ಬಿಸಕ್ಕೆ ಹೋಗಿಲ್ಲ. ಮಲಗ್ದಾಗ್ಲೇ ಅಲ್ವಾ ಬೆಳೆಯೋದು, ಹುಳ ಆದ್ರೇನು ಮಗ ಆದ್ರೇನು?"

ಹುಡುಗಿ ಚಪ್ಪಲಿ ಎಲ್ಲಿ ಬಿಟ್ಟಳೋ, ಒಳಗೆ ನುಗ್ಗಿಬಿಟ್ಟಿದ್ದಳು. ಬಾಣಂತಿಯನ್ನು ಹುಳುಮನೆಯ ಕಡೆ ಸುಳಿಯಲು ಬಿಡುವುದಿಲ್ಲವಾದ್ದರಿಂದ ಹಿತ್ತಿಲ ಕಡೆಯ ಸಣ್ಣ ಕೋಣೆಯಲ್ಲಿ ಮಲಗಿಸಿದ್ದರು. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಮೊರದಲ್ಲಿ ಹಳೆಯ ಸೀರೆ ಹಾಸಿ ಕೂಸನ್ನು ಮಲಗಿಸಿದ್ದರು. ನೋಡಿದರೆ ಯಾರಾದರೂ ಮುದ್ದಾಗಿ ನಿದ್ದೆ ಮಾಡುತ್ತಿದೆ ಎನ್ನಬೇಕು. ಹುಡುಗಿ ಹೊದಿಕೆ ಸರಿಸಿ ಪಾದ ಮುಟ್ಟಿದಳು, ಹೊಟ್ಟೆ ಮುಟ್ಟಿದಳು. ನನ್ನ ಕೈ ಹಿಡಿದು ಅಲ್ಲಿಗೆ ಒತ್ತಿದಳು. ಹೊಟ್ಟೆಯೂ ತಣ್ಣಗಿತ್ತು. ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಕೂಸು ಹುಬ್ಬು ಗಂಟಿಕ್ಕಿ ಸುಮ್ಮನಾಯಿತು. ಅಳುವುದಕ್ಕೂ ಅದರಲ್ಲಿ ಶಕ್ತಿ ಇರಲಿಲ್ಲ.

ಬಿಸಿ ಮೈ ಕಂಡರೆ ಎಲ್ಲರೂ ಹೆದರುತ್ತಾರೆ. ಸಣ್ಣ ಕೂಸಿಗೆ ತಣ್ಣನೆ ಮೈ ಅದಕ್ಕಿಂತ ಕೆಟ್ಟದ್ದು. ತಣ್ಣಗಾದ ಕೂಸು ಹಾಲು ಕೇಳುವುದಿಲ್ಲ, ಕುಡಿಯದ ಕೂಸು ಇನ್ನೂ ತಣ್ಣಗಾಗುತ್ತದೆ. ಯಾರಿಗೂ ತೊಂದರೆ ಕೊಡದೆ, ಒಳ್ಳೆಯ ಮಗು ಎನ್ನಿಸಿಕೊಂಡೇ ಹೊರಟುಹೋಗುತ್ತದೆ.

ನಾನು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದೆ. ಹುಡುಗಿ ಕೂಸನ್ನು ಎತ್ತಿಕೊಂಡು ತಾಯಿಯ ಮುಂದೆ ಮೊಣಕಾಲೂರಿದಳು. "ಅಕ್ಕಾ, ರವಿಕಿ ಬಿಚ್ಚು. ಇದಕ್ಕ ನಿನ್ನ ಮೈ ಬೇಕಾಗೇತಿ."

ತಾಯಿ ಕೈ ನೀಡಲಿಲ್ಲ. ಕೂಸಿನ ಮುಖವನ್ನೇ ನೋಡುತ್ತಿದ್ದಳು. ಅವಳು ಅದನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ಮೊದಲ್ನೇದೂ ಹಿಂಗೇ ಮಲಗಿತ್ತು" ಎಂದಳು. "ಎಷ್ಟ್ ಚೆಂದಾಗಿ ಮಲಗೈತೆ, ಎಬ್ಬಿಸ್ಬ್ಯಾಡ ಅಂದ್ರು ಎಲ್ರೂವೆ. ನಾನು ಎಬ್ಬಿಸ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

"ಈಗ ಎಬ್ಬಿಸೋಣು ಬಾ ಅಕ್ಕಾ" ಎಂದಳು ಹುಡುಗಿ. ಜೋರಾಗಿಯೂ ಹೇಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಸೊಪ್ಪು ಬಿಡಿಸೋಣ ಬಾ ಎನ್ನುವ ಹಾಗೆ ಹೇಳಿದಳು. ತಾಯಿಯ ಕೈ ರವಿಕೆಯ ಗುಂಡಿಗೆ ಹೋಯಿತು. ಒಂದೊಂದಾಗಿ ಬಿಚ್ಚಿ, ಬಾರದ ಕೊನೆಯದನ್ನು ಕಿತ್ತೇಬಿಟ್ಟಳು. ಕೂಸನ್ನು ಎದೆಯ ನಡುವೆ ಇಟ್ಟು, ಮೇಲೆ ಸೆರಗು, ಅದರ ಮೇಲೆ ಕಂಬಳಿ ಸುತ್ತಿದೆವು. ಈ ಸಲ ಅವಳ ಎರಡು ಕೈಯೂ ತಾವಾಗಿಯೇ ಕೂಸಿನ ಬೆನ್ನಿಗೆ ಬಂದವು.

"ಒಳಲೆ ಐತಾ?" ಎಂದೆ ಅಜ್ಜಿಗೆ. ಕೂಸಿಗೆ ಹಾಲು ಹಾಕುವ, ಮೂತಿ ಚೂಪಾದ ಆ ಪುಟ್ಟ ಬಟ್ಟಲು ಇಲ್ಲದ ಮನೆ ನಮ್ಮ ಕಡೆ ಇಲ್ಲ. ಅಜ್ಜಿ ಎದ್ದು ಓಡಿದಳು. ಕುದಿಯುವ ನೀರಿನಲ್ಲಿ ಅದ್ದಿ ತಂದುಕೊಟ್ಟಳು. ಕೂಸು ಮೈಯ ಬಿಸಿಗೆ ಸ್ವಲ್ಪ ಕದಲುವವರೆಗೆ ಕಾದೆವು. ತಾಯಿ ತನ್ನ ಹಾಲನ್ನು ತಾನೇ ಹಿಂಡಿದಳು. ಹುಡುಗಿ ಅಂಗಾಲು ತಿಕ್ಕುತ್ತಾ ಎಚ್ಚರ ಮಾಡಿಸಿ, ಒಳಲೆಯ ಮೂತಿಯನ್ನು ತುಟಿಗೆ ತಾಗಿಸಿ ತೊಟ್ಟು ತೊಟ್ಟಾಗಿ ಬಿಟ್ಟಳು. ಮೊದಲ ತೊಟ್ಟು ಕಟವಾಯಿಯಿಂದ ಹೊರಗೆ ಹರಿಯಿತು. ಎರಡನೆಯದೂ ಹರಿಯಿತು. ಆಮೇಲೆ ಗಂಟಲು ಅಲುಗಿತು. ನಾವು ನಾಲ್ವರು ಹೆಂಗಸರು ಒಂದು ಕೂಸಿನ ಗಂಟಲನ್ನು ಹಾಗೆ ನೋಡುತ್ತಾ ಕುಳಿತಿದ್ದೆವು. ಅದು ಇನ್ನೊಮ್ಮೆ ನುಂಗಿದಾಗ ತಾಯಿ, "ಕುಡುದ" ಎಂದಳು. ಕುಡಿಯಿತು ಎನ್ನಲಿಲ್ಲ, ಕುಡಿದ ಎಂದಳು. ನನಗೆ ಅಳು ಬಂತು. ನಾನು ಹೊರಗೆ ಹೋಗಿ ಆಂಬುಲೆನ್ಸ್ ಬಂತೇ ಎಂದು ನೋಡುವವಳ ಹಾಗೆ ನಿಂತೆ.

ಆಂಬುಲೆನ್ಸ್ ಬಂದಾಗ ಅಜ್ಜಿ ಚೀಲ ಹಿಡಿದು ಹೊರಟು ನಿಂತಳು. ಅಷ್ಟರಲ್ಲಿ ಹುಳುಮನೆಯಿಂದ ಅವಳ ಗಂಡ ಬಂದು, "ಏಳ್ತಾವೆ ಕಣಮ್ಮೀ, ಜ್ವರ ಬುಡ್ತಾವೆ" ಎಂದ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಕಂಡವರಿಗೇ ಗೊತ್ತು. ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ಇಡೀ ಬೆಳೆ ಹಾಳು. ಅಜ್ಜಿ ಒಮ್ಮೆ ಹುಳುಮನೆಯ ಕಡೆ, ಒಮ್ಮೆ ಮಗಳ ಕಡೆ ನೋಡಿದಳು. ಇವಳ ಸಂಕಟ ನೋಡಲಾರದೆ ನಾನೇ ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಮಗಳು, "ನೀನು ಸೊಪ್ಪಾಕವ್ವ. ಇವನ್ನ ನಾನು ನೋಡ್ಕತೀನಿ" ಎಂದು ವ್ಯಾನು ಹತ್ತಿದಳು.

ದಾರಿಯಲ್ಲಿ ಕೂಸು ಅತ್ತಿತು. ಬೆಕ್ಕಿನ ಮರಿಯದಷ್ಟು ಸಣ್ಣ ದನಿ. ಡ್ರೈವರ್ ತಿರುಗಿ ನೋಡಿ, "ಅಳ್ತಾ ಐತಲ್ಲ, ಏನಾಯ್ತು ಮೇಡಂ?" ಎಂದು ಗಾಬರಿಯಾದ. "ಒಳ್ಳೇದಾಯ್ತು, ನೀನು ರೋಡ್ ನೋಡಪ್ಪ" ಎಂದೆ. ನಾನು ಸ್ಕೂಟರನ್ನು ಆ ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎನ್ನುವುದು ಆಸ್ಪತ್ರೆ ಮುಟ್ಟಿದ ಮೇಲೆ ನೆನಪಾಯಿತು.

ಕೂಸು ಬದುಕಿತು. ನಡುವೆ ಒಂದೆರಡು ದಿನ ಡಾಕ್ಟರ ಮುಖವೂ ಗಂಭೀರವಾಗಿತ್ತು, ಆಮೇಲೆ ತಿಳಿಯಾಯಿತು. ಆ ತಾಯಿ ಕೂಸನ್ನು ಎದೆಯಿಂದ ಇಳಿಸಲಿಲ್ಲ. ಊಟವನ್ನೂ ಹಾಗೆಯೇ ಮಾಡಿದಳು, ಕೂಸಿನ ಕುಲಾವಿಯ ಮೇಲೆ ಸಾರು ಚೆಲ್ಲಿಕೊಂಡು. ಸ್ನಾನಕ್ಕೆ ಹೋಗುವಾಗ ಮಾತ್ರ ವಿಜಯಪುರದ ಹುಡುಗಿಯ ಕೈಗೆ ಕೊಡುತ್ತಿದ್ದಳು, ಬೇರೆ ಯಾರಿಗೂ ಇಲ್ಲ. ಹುಳು ಗೂಡು ಕಟ್ಟಲು ಹತ್ತಿದ ಮೇಲೆ ಅಜ್ಜಿ ಬಂದಳು, ರವಿಕೆ ಸಡಿಲಿಸಿಕೊಂಡು "ತತ್ತಾ ಇಲ್ಲಿ ನನ್ ಮಗನ್ನ" ಎಂದು ಕೈ ಚಾಚಿದಳು. "ನೀನು ಇರವ್ವ ಸುಮ್ಕೆ" ಎಂದು ಮಗಳು ಸೆರಗು ಇನ್ನಷ್ಟು ಬಿಗಿದುಕೊಂಡಳು. ಅಜ್ಜಿ ನನ್ನ ಹತ್ತಿರ ಬಂದು ದೂರು ಹೇಳಿದಳು. ದೂರು ಹೇಳುವಾಗ ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಬುಡಜ್ಜಿ ಎಂದೆ. ಇಬ್ಬರೂ ನಕ್ಕೆವು.

ಈಗ ನಮ್ಮ ತರಬೇತಿಯಲ್ಲಿ ಫೋನಿನಲ್ಲಿ "ಜ್ವರ ಇದೆಯಾ?" ಎಂದು ಕೇಳುವುದನ್ನು ಬಿಟ್ಟಿದ್ದೇವೆ. "ಮಗೂನ ಕೈಗೆ ಎತ್ಕಳಿ. ಈಗ್ಲೇ. ಹೊಟ್ಟೆ ಮುಟ್ಟಿ, ಪಾದ ಮುಟ್ಟಿ, ಬೆಚ್ಚಗೈತಾ ಹೇಳಿ. ಎಬ್ಬಿಸಿ ಹಾಲು ಕೊಡಿ, ನಾನು ಫೋನ್ ಹಿಡ್ಕೊಂಡೇ ಇರ್ತೀನಿ" ಎನ್ನುತ್ತೇವೆ. ಇದನ್ನು ರೂಢಿಗೆ ತಂದವಳು ಆ ಹುಡುಗಿಯೇ. ಅವಳಿಗೆ ಈಗ ಮಾಗಡಿ ಕಡೆ, ಕುದೂರಿನ ಹತ್ತಿರ ಕೆಲಸ. ಅಲ್ಲಿಯ ಹೆಂಗಸರು ಅವಳನ್ನು ನಮ್ಮೂರ ಹುಡುಗಿ ಎನ್ನುತ್ತಾರಂತೆ. ಮುದ್ದೆಯನ್ನು ಮಾತ್ರ ಈಗಲೂ ಅಗಿಯುತ್ತಾಳೆ.

ಆ ತಾಯಿಯನ್ನು ನಾನು ಮತ್ತೆ ಕಂಡದ್ದು ಲಸಿಕೆಯ ದಿನ. ಊರಿನ ಅಂಗನವಾಡಿಯ ಜಗಲಿಯ ಮೇಲೆ ತಾಯಂದಿರು ಸಾಲಾಗಿ ಕುಳಿತಿದ್ದರು. ಅವಳ ಮಗ ಕೆನ್ನೆ ಊದಿಸಿಕೊಂಡು ಅವಳ ಸರವನ್ನು ಬಾಯಿಗೆ ಎಳೆಯುತ್ತಿದ್ದ. ನಾನು ಬಂದದ್ದನ್ನು ಅವಳು ಗಮನಿಸಲಿಲ್ಲ. ಪಕ್ಕದಲ್ಲಿ ಹೊಸ ಬಾಣಂತಿಯೊಬ್ಬಳು, ಇನ್ನೂ ಹದಿಹರೆಯದ ಮುಖ, ತೊಡೆಯ ಮೇಲೆ ಪುಟ್ಟ ಕೂಸನ್ನು ಮಲಗಿಸಿಕೊಂಡು ಹೆಮ್ಮೆಯಿಂದ ಹೇಳುತ್ತಿದ್ದಳು, "ನಮ್ ಮಗ ಬಲೇ ಸಾಧು ಕಣಕ್ಕ. ಅಳೋದೇ ಇಲ್ಲ, ಬೆಳಗಿಂದ ಮಲಗೇ ಐತೆ."

ಇವಳ ಮುಖದಲ್ಲಿದ್ದ ನಗು ಹೋಯಿತು. ತನ್ನ ಮಗನನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. ಒಂದು ಮಾತೂ ಕೇಳದೆ ಬಗ್ಗಿ, ಆ ಕೂಸಿನ ಹೊದಿಕೆ ಸರಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದಳು. ಅಂಗಾಲಿಗೆ ಬೆರಳಿನಿಂದ ಟಪ್ ಟಪ್ ಎಂದು ಹೊಡೆದಳು. ಕೂಸು ಮುಖ ಕಿವುಚಿತು. ಇವಳು ಬಿಡಲಿಲ್ಲ, ಇನ್ನೊಮ್ಮೆ ಹೊಡೆದಳು. ಕೂಸು ಬಾಯಿ ಅಗಲಿಸಿ, ಜಗಲಿ ಹಾರಿಹೋಗುವ ಹಾಗೆ ಕಿರುಚಿತು.

"ಅಯ್ಯೋ, ಏನ್ ಹೆಂಗ್ಸೇ ನೀನು! ಮಲಗಿದ್ ಮಗೀನ ಎಬ್ಬಿಸ್ಬುಟ್ಯಲ್ಲ!" ಎಂದು ಆ ಹೊಸ ಬಾಣಂತಿ ರೇಗಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅಳ್ಲಿ ಬುಡವ್ವ" ಎಂದಳು ಇವಳು. ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, ಆ ಅಳುವನ್ನೇ ಕೇಳುತ್ತಾ, ಸೀರೆಯ ತುದಿಯಿಂದ ಕಣ್ಣೊರೆಸಿಕೊಂಡಳು. "ಜೋರಾಗಿ ಅಳ್ಲಿ. ಈಗ ಹಾಲು ಕೊಡು."